ತೊಗಲಿಗೆ ಕಟ್ಟಿದ ತಂತಿ

ಬ್ಯಾಂಜೋ ನುಡಿಸುವವರು ತಂತಿ ಬದಲಿಸುವಾಗ ಐದು ತಂತಿಗಳನ್ನೂ ಒಮ್ಮೆಗೇ ಬಿಚ್ಚುವುದಿಲ್ಲ. ಒಂದನ್ನು ತೆಗೆದು, ಅದರ ಜಾಗಕ್ಕೆ ಹೊಸದನ್ನು ಬಿಗಿದು, ಆಮೇಲೆ ಮುಂದಿನದಕ್ಕೆ ಕೈ ಹಾಕುತ್ತಾರೆ. ಬ್ಯಾಂಜೋದ ತೊಗಲಿನ ಮೇಲೆ ನಿಂತು ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಗೆ (ಬ್ರಿಜ್‌ಗೆ) ಅಂಟೂ ಇಲ್ಲ, ಮೊಳೆಯೂ ಇಲ್ಲ. ತಂತಿಗಳು ಮೇಲಿಂದ ಒತ್ತಿ ಹಿಡಿದಿರುವುದರಿಂದಷ್ಟೇ ಅದು ನಿಂತಿರುತ್ತದೆ. ಎಲ್ಲ ತಂತಿಗಳೂ ಸಡಿಲಾದರೆ ಕುದುರೆ ಜಾರಿ ಬೀಳುತ್ತದೆ. ಮತ್ತೆ ನಿಲ್ಲಿಸುವಾಗ ಜಾಗ ಒಂದೆರಡು ಮಿಲಿಮೀಟರ್ ತಪ್ಪಿದರೂ ಮೇಲಿನ ಮನೆಗಳ (ಫ್ರೆಟ್‌ಗಳ) ಸ್ವರಗಳೆಲ್ಲ ಕೆಡುತ್ತವೆ.

ಬಾಗಲಕೋಟೆ ಕಡೆಯ ಅಂಗಡಿಗಳಲ್ಲಿ ಬ್ಯಾಂಜೋ ಕೇಳಿದರೆ ಬೇರೆಯದೇ ವಸ್ತು ಕೈಗೆ ಬಂದೀತು. ಸಾಲು ಗುಂಡಿಗಳನ್ನು ಒತ್ತಿ ನುಡಿಸುವ ಉದ್ದನೆಯ ಪೆಟ್ಟಿಗೆ, ಅಂದರೆ ಬುಲ್‌ಬುಲ್ ತರಂಗ. 1912ರಲ್ಲಿ ಜಪಾನಿನ ನಗೋಯಾದಲ್ಲಿ ಮೊರಿಟಾ ಗೋರೋ ಎಂಬಾತ ಮಾಡಿದ ತೈಶೋಗೋತೋ ಅದರ ಮೂಲ. ಅದರಲ್ಲಿ ತೊಗಲಿಲ್ಲ, ಆದ್ದರಿಂದ ಈ ಅಧ್ಯಾಯದಲ್ಲಿ ಅದಕ್ಕೆ ಕೆಲಸವೂ ಇಲ್ಲ. ತೊಗಲೂ ತಂತಿಯೂ ಕೂಡಿ ದನಿ ಮಾಡುವ ವಾದ್ಯ ಬೇಕೆಂದರೆ ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯಲ್ಲಿ ಯಲ್ಲಮ್ಮನ ಹಾಡು ಹೇಳುವವರ ಹತ್ತಿರ ಹೋಗಬೇಕು. ಅವರ ಕಂಕುಳಲ್ಲಿರುವುದು ಚೌಡಿಕೆ.

ಚೌಡಿಕೆಯೆಂದರೆ ಒಳಗೆ ಟೊಳ್ಳಾದ ಮರದ ಕೊಳಗ. ಅದರ ಒಂದು ಬಾಯಿಗೆ ತೊಗಲು ಬಿಗಿದಿರುತ್ತದೆ, ಇನ್ನೊಂದು ಬಾಯಿ ತೆರೆದಿರುತ್ತದೆ. ಕೊಳಗದ ಪಕ್ಕಕ್ಕೆ ಬಿಗಿದ ಕೋಲೊಂದು ಮೇಲಕ್ಕೆ ಚಾಚಿಕೊಂಡಿದ್ದು, ಅದರ ತುದಿಯಲ್ಲಿ ತಿರುಗುವ ಗೂಟ ಇರುತ್ತದೆ. ವೀಣೆಯವರು ಬಿರಡೆ ಎನ್ನುತ್ತಾರಲ್ಲ, ಅದೇ. ತಂತಿ ತೊಗಲಿನ ನಟ್ಟನಡುವಿನ ತೂತಿನಿಂದ ಹೊರಟು, ಕೊಳಗದ ಹೊಟ್ಟೆಯಲ್ಲಿ ಹಾದು, ತೆರೆದ ಬಾಯಿಂದ ಹೊರಬಂದು ಗೂಟಕ್ಕೆ ಸುತ್ತಿಕೊಳ್ಳುತ್ತದೆ. ಕುದುರೆ ಇಲ್ಲ, ಮನೆಗಳಿಲ್ಲ. ಕೊಳಗವನ್ನು ಕಂಕುಳಲ್ಲಿ ಇರುಕಿ, ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದು ಕೈಯ ಕಡ್ಡಿಯಿಂದ ತಂತಿ ಮೀಟುತ್ತಾರೆ. ಮೇಳದಲ್ಲಿ ಇದರ ಜೊತೆಗೆ ಇದೇ ಕುಲದ ತುಂತುಣಿ ಶ್ರುತಿ ಹಿಡಿಯುತ್ತದೆ. ತಾಳವಂತೂ ಇದ್ದೇ ಇರುತ್ತದೆ.

ಈ ವಾದ್ಯದ ಹಿಂದೆ ನೋವಿನ ಚರಿತ್ರೆಯೂ ಇದೆ. ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಬಾಗಲಕೋಟೆ ಸೀಮೆ ಆ ಪದ್ಧತಿಯ ಭಾರ ಹೊತ್ತ ಪ್ರದೇಶಗಳಲ್ಲಿ ಒಂದು. ಪದ್ಧತಿ ಹೋಗಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಜೊತೆಗೆ ಹಾಡು, ವಾದ್ಯ, ವಾದ್ಯ ಮಾಡುವ ಕೈಚಳಕ ಎಲ್ಲವೂ ಹೋಗಬೇಕೆಂದೇನೂ ಇಲ್ಲ. ಯಲ್ಲಮ್ಮನ ಜೋಗತಿಯರ ಕಲೆಯನ್ನು ರಂಗಕ್ಕೆ ತಂದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹಾಡುವವರಿಗೆ ಮನ್ನಣೆ ಈ ಸೀಮೆಗೆ ಹೊಸದೇನಲ್ಲ: ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ 8ನೇ ಶತಮಾನದ ಒಂದು ಶಾಸನವಿದೆ. ಹಿಂದೆ ದೊರೆ ವಿಜಯಾದಿತ್ಯ ಗಾಯಕರಿಗೆ ಕೊಟ್ಟಿದ್ದ ಸವಲತ್ತುಗಳನ್ನು ರಾಣಿ ಲೋಕಮಹಾದೇವಿ ಮತ್ತೆ ಖಾತ್ರಿಪಡಿಸಿದಳು ಎಂದು ಅದು ಹೇಳುತ್ತದೆ. ಆದರೆ ಊರೂರು ತಿರುಗಿ ಹಾಡುವವರ ಹೆಸರಿನಲ್ಲಿ ಕಲ್ಲಿನ ಮೇಲೆ ಇಂಥ ಮಾತು ಕೆತ್ತಿಸಿದವರು ಕಡಿಮೆ. ಹಾಗೆಯೇ ಚೌಡಿಕೆಯ ವಿಜ್ಞಾನ ಬರೆದವರೂ ಕಡಿಮೆ. ಆ ವಿಜ್ಞಾನವಾದರೋ ಬಹಳ ಸೊಗಸಾಗಿದೆ. ತಂತಿ ಹರಿದು ಹೊಸದನ್ನು ಕಟ್ಟುವ ಹೊತ್ತಿಗೆ ಅದು ಕಣ್ಣಿಗೆ ಬೀಳುತ್ತದೆ.

ತಂತಿ ಕಟ್ಟುವ ಕೆಲಸ ತೊಗಲಿನ ಕಡೆಯಿಂದ ಶುರು. ತಂತಿಯ ತುದಿಗೆ ಗಂಟು ಹಾಕಿ, ಆ ಗಂಟು ತೊಗಲಿನ ತೂತಿನಲ್ಲಿ ನುಸುಳದಂತೆ ಅದಕ್ಕೊಂದು ಬಿಲ್ಲೆ ಕೊಡಬೇಕು. ದಪ್ಪ ತೊಗಲಿನ ತುಂಡಾಗಲಿ, ಅಂಗಿಯ ಗುಂಡಿಯಾಗಲಿ ನಡೆಯುತ್ತದೆ. ಅದಿಲ್ಲದಿದ್ದರೆ ತಂತಿಯ ಎಳೆತವೆಲ್ಲ ಗಂಟಿನ ಅಂಚಿನ ಮೇಲೇ ಬೀಳುತ್ತದೆ. 2 ಮಿ.ಮೀ. ಅಗಲದ ಗಂಟಿನ ಸುತ್ತಳತೆ ಸುಮಾರು 6 ಮಿ.ಮೀ.; 25 ಮಿ.ಮೀ. ಅಗಲದ ಬಿಲ್ಲೆಯ ಸುತ್ತಳತೆ 78 ಮಿ.ಮೀ. ಒಂದೇ ಭಾರ ಹನ್ನೆರಡೂವರೆ ಪಟ್ಟು ಉದ್ದದ ಅಂಚಿಗೆ ಹಂಚಿಹೋಗುತ್ತದೆ. ಬಿಲ್ಲೆ ಮರೆತವರ ತಂತಿ ತೊಗಲನ್ನು ಸೀಳಿಕೊಂಡು ಬರುವುದಕ್ಕೆ ಈ ಲೆಕ್ಕವೇ ಕಾರಣ.

ತಂತಿ ಒಂದೇ ಇದ್ದರೆ ದನಿ ಎಷ್ಟು? ಇಲ್ಲವೆಂದೇ ಹೇಳಬೇಕು. ಗೋಡೆಗೆ ಎರಡು ಮೊಳೆ ಹೊಡೆದು ನಡುವೆ ತಂತಿ ಬಿಗಿದು ಮೀಟಿದರೆ ಕಿವಿಯನ್ನು ಹತ್ತಿರ ಒಯ್ದರಷ್ಟೇ ಕೇಳಿಸೀತು. ಮೂರನೇ ಒಂದು ಮಿಲಿಮೀಟರ್ ದಪ್ಪದ ತಂತಿ ಗಾಳಿಯನ್ನು ತಳ್ಳಲು ಹೋದರೆ ಗಾಳಿ ಅದರ ಅಕ್ಕಪಕ್ಕದಲ್ಲೇ ನುಣುಚಿಕೊಳ್ಳುತ್ತದೆ. ಗಾಳಿಯನ್ನು ಅಲುಗಿಸಲು ಅಗಲವಾದ ಮೈ ಬೇಕು. ವೀಣೆ, ಸಿತಾರಗಳಲ್ಲಿ ಆ ಮೈ ಮರದ ಹಲಗೆ. ಬ್ಯಾಂಜೋ, ಚೌಡಿಕೆ, ಏಕತಾರಿಗಳಲ್ಲಿ ತೊಗಲು. ತೊಗಲು ಹಗುರ, ಬೇಗ ಅಲುಗುತ್ತದೆ, ತಂತಿಯಲ್ಲಿರುವ ಶಕ್ತಿಯನ್ನು ಸರಸರನೆ ಹೀರಿ ಗಾಳಿಗೆ ಕೊಡುತ್ತದೆ. ಆದ್ದರಿಂದ ಈ ವಾದ್ಯಗಳ ದನಿ ಜೋರು, ಆದರೆ ಅಲ್ಪಾಯುಷಿ. ಬಯಲಿನಲ್ಲಿ, ಜಾತ್ರೆಯ ಗದ್ದಲದಲ್ಲಿ ಹಾಡುವವರಿಗೆ ಬೇಕಾದದ್ದು ಈ ಜೋರೇ. ಆಫ್ರಿಕಾದಿಂದ ಗುಲಾಮರಾಗಿ ಕೆರಿಬಿಯನ್ ದ್ವೀಪಗಳಿಗೆ ಸಾಗಿಸಲ್ಪಟ್ಟವರು ಸೋರೆಬುರುಡೆಗೆ ತೊಗಲು ಹೊದಿಸಿ ಬ್ಯಾಂಜೋದ ಪೂರ್ವಜರನ್ನು ಮಾಡಿಕೊಂಡಾಗಲೂ ಇದೇ ಭೌತವಿಜ್ಞಾನ ಅವರ ನೆರವಿಗೆ ಬಂತು. ಜಮೈಕಾದಲ್ಲಿ ಅಂಥ ವಾದ್ಯಗಳನ್ನು ಕಂಡ ಹ್ಯಾನ್ಸ್ ಸ್ಲೋನ್ ತನ್ನ 1707ರ ಪುಸ್ತಕದಲ್ಲಿ ಅವುಗಳ ಚಿತ್ರ ಅಚ್ಚು ಹಾಕಿಸಿದ್ದಾನೆ.

ಇಲ್ಲಿಯವರೆಗೆ ಬ್ಯಾಂಜೋ, ಚೌಡಿಕೆ ಎರಡಕ್ಕೂ ಒಂದೇ ಮಾತು ಸಲ್ಲುತ್ತದೆ. ತಂತಿ ತೊಗಲನ್ನು ಮುಟ್ಟುವ ಬಗೆಯಲ್ಲಿ ಅವು ಬೇರೆಯಾಗುತ್ತವೆ.

ಬ್ಯಾಂಜೋದ ತಂತಿ ತೊಗಲಿಗೆ ಸಮಾನಾಂತರವಾಗಿ ಓಡಿ, ಕುದುರೆಯ ಮೇಲೆ ಹತ್ತಿ ಇಳಿಯುತ್ತದೆ. ತಂತಿ ಮೇಲೆ ಹೋದಾಗ ಕುದುರೆ ಒಂದಿಷ್ಟು ಹಗುರವಾಗುತ್ತದೆ, ಕೆಳಗೆ ಬಂದಾಗ ಭಾರವಾಗುತ್ತದೆ. ತಂತಿ ಸೆಕೆಂಡಿಗೆ 200 ಸಲ ಅಲುಗಿದರೆ ತೊಗಲೂ 200 ಸಲ ಅಲುಗುತ್ತದೆ. ಚೌಡಿಕೆಯ ತಂತಿಯಾದರೋ ತೊಗಲಿಗೆ ನೆಟ್ಟಗೆ, ಲಂಬವಾಗಿ ನಿಂತಿದೆ. ಮೀಟಿದಾಗ ಅದು ಎಡಕ್ಕೂ ಬಲಕ್ಕೂ ತೂಗುತ್ತದೆ. ತೊಗಲು ಅಲುಗಬಲ್ಲದ್ದು ಒಳಕ್ಕೂ ಹೊರಕ್ಕೂ ಮಾತ್ರ. ಪಕ್ಕಕ್ಕೆ ಜಗ್ಗಿದರೆ ಅದು ದನಿ ಮಾಡದು. ಹಾಗಾದರೆ ದನಿ ಎಲ್ಲಿಂದ ಬರುತ್ತದೆ?

ತಂತಿ ಎಡದ ಕೊನೆಗೆ ಹೋದಾಗ ಬಾಗಿರುತ್ತದೆ. ಬಾಗಿದ ತಂತಿ ನೇರ ತಂತಿಗಿಂತ ಉದ್ದ. ಆ ಹೆಚ್ಚುವರಿ ಉದ್ದವನ್ನು ಅದು ತೊಗಲಿನಿಂದ ಎಳೆದುಕೊಳ್ಳಬೇಕು. ನಡುವಿಗೆ ಬಂದಾಗ ನೇರವಾಗುತ್ತದೆ, ತೊಗಲನ್ನು ಸಡಿಲ ಬಿಡುತ್ತದೆ. ಬಲದ ಕೊನೆಗೆ ಹೋದಾಗ ಮತ್ತೆ ಎಳೆಯುತ್ತದೆ. ತಂತಿ ಒಂದು ಸಲ ಹೋಗಿ ಬರುವಷ್ಟರಲ್ಲಿ ತೊಗಲಿಗೆ ಎರಡು ಜಗ್ಗು. ತಂತಿ ಸೆಕೆಂಡಿಗೆ 120 ಸಲ ಕಂಪಿಸಿದರೆ ತೊಗಲು 240 ಸಲ ಕಂಪಿಸುತ್ತದೆ. ಕಣ್ಣಿಗೆ ಕಾಣುವ ತಂತಿ ಮಂದ್ರದಲ್ಲಿದೆ, ಕಿವಿಗೆ ಬೀಳುವ ದನಿ ಅದರ ಮೇಲಿನ ಸ್ಥಾಯಿಯಲ್ಲಿದೆ.

ಆ ಜಗ್ಗಿನ ಅಳತೆ ತೀರ ಸಣ್ಣದು. ತಂತಿ 50 ಸೆಂ.ಮೀ. ಉದ್ದವಿದೆ, ನಡುವೆ 5 ಮಿ.ಮೀ. ಪಕ್ಕಕ್ಕೆ ಎಳೆದಿದ್ದೇವೆ ಎನ್ನಿ. ಪೈಥಾಗೊರಸನ ಪ್ರಮೇಯ ನೆನಪಿದ್ದವರು ಲೆಕ್ಕ ಹಾಕಬಹುದು: ಉದ್ದ ಹೆಚ್ಚುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಎರಡು ಪಟ್ಟು, ಅಂದರೆ 10 ಮಿ.ಮೀ. ಎಳೆದರೆ ಉದ್ದ ಹೆಚ್ಚುವುದು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಚೌಡಿಕೆಯ ದನಿಯ ಗುಣಕ್ಕೆಲ್ಲ ಈ ವರ್ಗದ ಲೆಕ್ಕವೇ ಮೂಲ. ಮೆಲ್ಲಗೆ ಮೀಟಿದರೆ ಹೆಚ್ಚುಕಡಿಮೆ ಮೂಕ, ಜೋರಾಗಿ ಮೀಟಿದರೆ ಒಮ್ಮೆಲೇ ಅಬ್ಬರ. ತಂತಿಯ ತೂಗಾಟ ಅರ್ಧಕ್ಕೆ ಇಳಿಯುವಷ್ಟರಲ್ಲಿ ತೊಗಲಿನ ಜಗ್ಗು ಕಾಲುಭಾಗಕ್ಕೆ ಇಳಿದಿರುತ್ತದೆ, ಹಾಗಾಗಿ ದನಿ ಎದ್ದ ವೇಗದಲ್ಲೇ ಅಡಗುತ್ತದೆ. ಇನ್ನೊಂದು ಗುಣವೂ ಇದೆ. ಜೋರಾಗಿ ತೂಗುವ ತಂತಿಯ ಸರಾಸರಿ ಬಿಗಿತ ಹೆಚ್ಚಿರುತ್ತದೆ, ಆದ್ದರಿಂದ ಸ್ವರ ತುಸು ಮೇಲೆ ಹುಟ್ಟಿ, ತೂಗಾಟ ಕುಗ್ಗಿದಂತೆ ಕೆಳಗೆ ಜಾರುತ್ತದೆ. ಚೌಡಿಕೆಯ ಪ್ರತಿ ಮೀಟಿನ ಬಾಲದಲ್ಲಿ ಕೇಳುವ ಆ ‘ಟುಂಯ್’ ಹುಟ್ಟುವುದು ಹೀಗೆ. ಕೋಲನ್ನು ಹಿಡಿದ ಕೈ ಒಂದಿಷ್ಟು ಒತ್ತಿದರೂ ಸಾಕು, ಬಿಗಿತ ಬದಲಾಗಿ ಜಾರು ಇನ್ನೂ ಹೆಚ್ಚುತ್ತದೆ. ಬಂಗಾಳದ ಬಾವುಲ ಹಾಡುಗಾರರ ಖಮಕ್ ಎಂಬ ಇದೇ ಕುಲದ ವಾದ್ಯ ಇದನ್ನೇ ಕಲೆಯಾಗಿಸಿಕೊಂಡಿದೆ.

ಇದರ ತಿರುವುಮುರುವು ಪ್ರಯೋಗ ಭೌತವಿಜ್ಞಾನದ ಪಠ್ಯಗಳಲ್ಲಿದೆ. 1860ರ ಸುಮಾರಿಗೆ ಜರ್ಮನಿಯ ಫ್ರಾನ್ಜ್ ಮೆಲ್ಡೆ ದಾರದ ತುದಿಯನ್ನು ಶ್ರುತಿಕವೆಗೆ ಕಟ್ಟಿ, ಕವೆ ದಾರದ ಉದ್ದಕ್ಕೂ ಜಗ್ಗುವಂತೆ ಇಟ್ಟ. ಕವೆ ಎರಡು ಸಲ ಜಗ್ಗಿದಾಗ ದಾರ ಒಂದು ಸಲ ಅಡ್ಡ ತೂಗಿತು. ಮೆಲ್ಡೆಯದು ಜಗ್ಗಿನಿಂದ ತೂಗಾಟ, ಚೌಡಿಕೆಯದು ತೂಗಾಟದಿಂದ ಜಗ್ಗು. ಬಿ.ಎಸ್‌ಸಿ. ಪ್ರಯೋಗಶಾಲೆಯಲ್ಲಿ ಮೆಲ್ಡೆಯ ಪ್ರಯೋಗ ಮಾಡಿ ಅಂಕ ಪಡೆದ ನಮ್ಮ ಎಷ್ಟು ಹುಡುಗರಿಗೆ ಅವರೂರಿನ ಗುಡಿಯ ಮುಂದೆಯೇ ಅದು ನಡೆಯುತ್ತಿದೆ ಎಂದು ಯಾರಾದರೂ ಹೇಳಿದ್ದುಂಟೋ! ನಮ್ಮ ಪಠ್ಯಪುಸ್ತಕಗಳ ಬಗ್ಗೆ ನನ್ನ ಹಳೆಯ ತಕರಾರು ಇದು.

ಇಂಥ ವಾದ್ಯವನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಸಿ.ವಿ. ರಾಮನ್ ಒಬ್ಬರು. ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದುಕೊಂಡು, ಬಿಡುವಿನ ವೇಳೆಯಲ್ಲಿ ಸಂಶೋಧನೆ ಮಾಡುತ್ತಿದ್ದ ಇಪ್ಪತ್ತರ ಆಸುಪಾಸಿನ ತರುಣ ರಾಮನ್ 1909ರಲ್ಲಿ ಭಾರತೀಯ ಗಣಿತ ಕ್ಲಬ್ಬಿನ ಪತ್ರಿಕೆಯಲ್ಲಿ ಏಕತಾರಿಯ ಬಗ್ಗೆಯೇ ಒಂದು ಬರಹ ಪ್ರಕಟಿಸಿದರು. ಕಂಪಿಸುವ ತಂತಿಯಲ್ಲಿ ನಿಶ್ಚಲವೆಂದು ನಾವು ತಿಳಿಯುವ ಬಿಂದುಗಳಲ್ಲೂ ಇರುವ ಕಿರುಚಲನೆಯ ಬಗ್ಗೆ ‘ನೇಚರ್’ ಪತ್ರಿಕೆಗೆ ಬರೆದದ್ದೂ ಅದೇ ವರ್ಷ. ಬೆಳಕಿನ ಚದುರುವಿಕೆಗೆ ನೊಬೆಲ್ ಬಂದದ್ದು 1930ರಲ್ಲಿ. ಅದಕ್ಕೂ ಎರಡು ದಶಕ ಮೊದಲು ಅವರ ಮನಸ್ಸು ಭಿಕ್ಷುಕರ ಕೈಯ ಒಂಟಿತಂತಿಯ ವಾದ್ಯದಲ್ಲಿತ್ತು.

ವಾದ್ಯಗಳನ್ನು ವಿಂಗಡಿಸುವವರಿಗೂ ಈ ಕುಲ ತಲೆನೋವು ಕೊಟ್ಟಿತು. 1914ರಲ್ಲಿ ಹಾರ್ನ್‌ಬೋಸ್ಟೆಲ್ ಮತ್ತು ಕುರ್ಟ್ ಸಾಕ್ಸ್ ಜಗತ್ತಿನ ವಾದ್ಯಗಳನ್ನೆಲ್ಲ ವರ್ಗೀಕರಿಸಿದಾಗ ಇವನ್ನು ತಂತಿವಾದ್ಯಗಳ ಸಾಲಿನಲ್ಲಿ ಕೂರಿಸಲಿಲ್ಲ. ‘ಮೀಟುವ ಚರ್ಮವಾದ್ಯ’ ಎಂದು ಹೊಸ ಗುಂಪು ಮಾಡಿ ತಮಟೆ, ಡೊಳ್ಳುಗಳ ಪಕ್ಕಕ್ಕೆ ತಳ್ಳಿದರು. ತಂತಿ ಬರೀ ತೊಗಲನ್ನು ಅಲುಗಿಸುವ ಸಾಧನ, ಸ್ವರ ತೊಗಲಿನದು ಎನ್ನುವುದು ಅವರ ತರ್ಕ. ಕೇಂಬ್ರಿಜ್‌ನ ಲಾರೆನ್ಸ್ ಪಿಕೆನ್ ಮತ್ತು ಸಂಗಡಿಗರು ಅಳೆದು ನೋಡಿ, ಸ್ವರವನ್ನು ನಿರ್ಧರಿಸುವುದು ತಂತಿಯೇ, ತೊಗಲು ಅದನ್ನು ಇಮ್ಮಡಿಸಿ ಹೇಳುತ್ತದೆ ಎಂದು 1981ರಲ್ಲಿ ತೋರಿಸಿದರು. ನನ್ನ ಮಟ್ಟಿಗೆ ಪಿಕೆನ್ ಗುಂಪಿನ ಮಾತೇ ಸರಿ. ಗೂಟ ತಿರುಗಿಸಿದರೆ ಸ್ವರ ಬದಲಾಗುವ ವಾದ್ಯವನ್ನು ಡೊಳ್ಳಿನ ಪಕ್ಕ ಕೂರಿಸುವುದು ಕಿವಿಗೆ ಒಪ್ಪುವುದಿಲ್ಲ.

ನೀವೇ ನೋಡಬೇಕೆಂದರೆ ಚಹಾ ಕುಡಿದ ಕಾಗದದ ಲೋಟ ಸಾಕು. ತಳದ ನಡುವೆ ತೂತು ಮಾಡಿ ಗಟ್ಟಿ ದಾರ ಪೋಣಿಸಿ, ಹೊರಗಡೆ ಬೆಂಕಿಕಡ್ಡಿಯ ತುಂಡು ಕಟ್ಟಿ. ದಾರವನ್ನು ತಳಕ್ಕೆ ಲಂಬವಾಗಿ ಬಿಗಿಹಿಡಿದು ಮೀಟಿ. ಆಮೇಲೆ ಬಿಗಿತ ಬದಲಾಗದಂತೆ ದಾರವನ್ನು ಓರೆ ಮಾಡಿ ಮತ್ತೆ ಮೀಟಿ. ಓರೆಯಾದಾಗ ದನಿಯಲ್ಲಿ ಕೆಳಗಿನ ಸ್ಥಾಯಿ ಬಂದು ಸೇರುತ್ತದೆ. ಮೊಬೈಲಿನಲ್ಲಿ ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಹಾಕಿಕೊಂಡರೆ ಕಂಪನಾಂಕಗಳು ಪರದೆಯ ಮೇಲೆ ಗೆರೆಗಳಾಗಿ ಕಾಣುತ್ತವೆ. ಕೈ ಎಷ್ಟೇ ನೆಟ್ಟಗಿದ್ದರೂ ಕೆಳಗಿನ ಗೆರೆ ಪೂರ್ತಿ ಮಾಯವಾಗದು, ಏಕೆಂದರೆ ಪೂರ್ತಿ ಲಂಬವಾದ ದಾರ ಕಾಗದದ ಮೇಲಿನ ಚಿತ್ರದಲ್ಲಷ್ಟೇ ಇರುತ್ತದೆ.

ಬ್ಯಾಂಜೋಗೂ ಇಂಥದ್ದೊಂದು ಗುಟ್ಟಿದೆ. ಕಣಭೌತವಿಜ್ಞಾನಕ್ಕೆ 2004ರ ನೊಬೆಲ್ ಹಂಚಿಕೊಂಡ ಕ್ಯಾಲ್ಟೆಕ್‌ನ ಡೇವಿಡ್ ಪೊಲಿಟ್ಜರ್ ಆಮೇಲಿನ ವರ್ಷಗಳಲ್ಲಿ ಬ್ಯಾಂಜೋ ಹಿಡಿದು ಕೂತರು. ಕುದುರೆಯ ಮೇಲೆ ತಂತಿ ಕೋನವಾಗಿ ಬಾಗಿರುವುದರಿಂದ, ತೊಗಲಿನ ಜೊತೆ ಕುದುರೆ ಏರಿಳಿದಂತೆ ತಂತಿ ಹಿಗ್ಗಿ ಕುಗ್ಗುತ್ತದೆ, ಸ್ವರವೇ ಅತಿವೇಗವಾಗಿ ತುಯ್ದಾಡುತ್ತದೆ, ಬ್ಯಾಂಜೋದ ಖಣಖಣ ದನಿಗೆ ಇದೂ ಒಂದು ಕಾರಣ ಎಂದರು. ಅಲ್ಲಿಯೂ ಇಲ್ಲಿಯೂ ತೊಗಲು ತಂತಿಯ ಉದ್ದದ ಜೊತೆ ಚೆಲ್ಲಾಟವಾಡುತ್ತಿದೆ.

ಈಗ ಅಂಗಡಿಗೆ ಹೋಗಿ ತಂತಿ ತರೋಣ. ಹಿಂದಿನವರು ನರದ ತಂತಿ ಹಾಕುತ್ತಿದ್ದರು, ಈಗ ಉಕ್ಕಿನದು ಸುಲಭವಾಗಿ ಸಿಗುತ್ತದೆ. ಉಕ್ಕಿನ ತಂತಿಯನ್ನು ನಂಬರಿನ ಮೇಲೆ ಮಾರುತ್ತಾರೆ: 28, 30, 32. ನಂಬರು ಹೆಚ್ಚಾದಷ್ಟು ತಂತಿ ಸಣ್ಣ. 28ನೇ ನಂಬರಿನದು 0.376 ಮಿ.ಮೀ., 30ನೇ ನಂಬರಿನದು 0.315 ಮಿ.ಮೀ. ಯಾವುದನ್ನು ಆರಿಸಬೇಕು?

ದಪ್ಪ ತಂತಿ ಗಟ್ಟಿ, ಬೇಗ ಹರಿಯುವುದಿಲ್ಲ ಎಂಬ ನಂಬಿಕೆ ಇದೆ. ಲೆಕ್ಕ ಬೇರೆ ಹೇಳುತ್ತದೆ. 1636ರಲ್ಲಿ ಮರಿನ್ ಮೆರ್ಸೆನ್ ಪ್ರಕಟಿಸಿದ ನಿಯಮದಂತೆ ತಂತಿಯ ಕಂಪನಾಂಕಕ್ಕೆ ಮೂರು ಒಡೆಯರು: ಉದ್ದ, ಬಿಗಿತ, ತೂಕ. ತಂತಿ ದಪ್ಪವಾದರೆ ತೂಕ ಹೆಚ್ಚುತ್ತದೆ, ಅದೇ ಸ್ವರಕ್ಕೆ ತರಲು ಅಷ್ಟೇ ಪಟ್ಟು ಹೆಚ್ಚು ಬಿಗಿಯಬೇಕಾಗುತ್ತದೆ. ದಪ್ಪದಿಂದ ಬಂದ ಬಲವೆಲ್ಲ ಹೆಚ್ಚಿದ ಬಿಗಿತಕ್ಕೇ ಖರ್ಚು. ಉದ್ದವೂ ಸ್ವರವೂ ಒಂದೇ ಆದರೆ, ತಂತಿಯ ಅಡ್ಡಕೊಯ್ತದ ಪ್ರತಿ ಚದರ ಮಿಲಿಮೀಟರಿಗೆ ಬೀಳುವ ಎಳೆತ ದಪ್ಪ ತಂತಿಗೂ ಸಣ್ಣ ತಂತಿಗೂ ಒಂದೇ. ಬ್ಯಾಂಜೋದ ಮೊದಲ ತಂತಿಗೆ ಅದು ಚದರ ಮಿಲಿಮೀಟರಿಗೆ ಸುಮಾರು 120 ಕೆ.ಜಿ. ತೂಕದಷ್ಟು, ಒಳ್ಳೆಯ ವಾದ್ಯತಂತಿ ತಾಳಬಲ್ಲ ಮಿತಿಯ ಅರ್ಧದ ಆಸುಪಾಸು. ಅದನ್ನು ಷಡ್ಜದಿಂದ ಪಂಚಮದಷ್ಟು ಮೇಲೆ ಏರಿಸಹೊರಟರೆ ತುಂಡಾಗುತ್ತದೆ, ದಪ್ಪ ಎಷ್ಟೇ ಇರಲಿ.

ಚೌಡಿಕೆಯ ಕತೆ ನಿರಾಳ. ತಂತಿ 60 ಸೆಂ.ಮೀ., ಕಂಪನಾಂಕ 120 ಎಂದು ಹಿಡಿದರೆ ಚದರ ಮಿಲಿಮೀಟರಿಗೆ 17 ಕೆ.ಜಿ.ಗಿಂತ ಕಡಿಮೆ ಎಳೆತ. ಉಕ್ಕು ತಾಳುವುದರ ಹತ್ತನೇ ಒಂದು ಪಾಲೂ ಅಲ್ಲ. ಹಾಗಿದ್ದೂ ಹರಿಯುತ್ತದಲ್ಲ? ಹರಿಯುವುದು ಎಳೆತಕ್ಕಲ್ಲ, ಬಾಗಿಗೆ. 0.3 ಮಿ.ಮೀ. ತಂತಿಯನ್ನು 2 ಮಿ.ಮೀ. ಅಗಲದ ಬಿಗಿ ಗಂಟಾಗಿ ಬಾಗಿಸಿದಾಗ ಅದರ ಹೊರಮೈ ಶೇ. 10ಕ್ಕೂ ಹೆಚ್ಚು ಹಿಗ್ಗಬೇಕಾಗುತ್ತದೆ. ನೇರವಾಗಿ ಎಳೆದರೆ ಶೇ. 2ರ ಸುತ್ತಮುತ್ತ ತುಂಡಾಗುವ ಉಕ್ಕಿಗೆ ಇದು ವಿಪರೀತ. ಆ ಜಾಗ ಕಟ್ಟಿದ ದಿನವೇ ಗಾಯಗೊಂಡಿರುತ್ತದೆ. ಬೆವರಿನ ಉಪ್ಪು, ತುಕ್ಕು, ದಿನದಿನದ ಅಲುಗಾಟ ಉಳಿದ ಕೆಲಸ ಮುಗಿಸುತ್ತವೆ. ಆದ್ದರಿಂದ ತಂತಿಯನ್ನು ಬಿಲ್ಲೆಗೆ ಸಡಿಲವಾಗಿ ಎರಡು ಸುತ್ತು ಹಾಕಿ ಆಮೇಲೆ ಗಂಟು ಹಾಕುವುದು ಜಾಣತನ. ಎಳೆತದ ಬಹುಪಾಲನ್ನು ಸುತ್ತುಗಳೇ ಹೊರುತ್ತವೆ, ಗಂಟಿನವರೆಗೆ ಹೋಗುವುದು ಕೊಸರು.

ನಂಬರು ಮುಖ್ಯವಾಗುವುದು ತೊಗಲಿಗೆ. ಮೇಲಿನ ಉದ್ದ, ಸ್ವರಗಳಲ್ಲೇ 30ನೇ ನಂಬರಿನ ತಂತಿ ತೊಗಲನ್ನು 1.3 ಕೆ.ಜಿ. ತೂಕದಷ್ಟು ಎಳೆದರೆ 28ನೆಯದು 1.85 ಕೆ.ಜಿ.ಯಷ್ಟು ಎಳೆಯುತ್ತದೆ, ಶೇ. 40ಕ್ಕೂ ಹೆಚ್ಚು. ಹಳೆಯ, ತೆಳುವಾದ ತೊಗಲಿದ್ದರೆ ಸಣ್ಣ ತಂತಿ ಹಾಕಿ. ಹೊಸದಾಗಿ ಮುಚ್ಚಿದ ದಪ್ಪ ತೊಗಲಾದರೆ ದಪ್ಪ ತಂತಿಯೇ ಅದನ್ನು ಸರಿಯಾಗಿ ಅಲುಗಿಸೀತು. ತಂತಿಯನ್ನು ತೊಗಲು ನೋಡಿ ಆರಿಸಬೇಕು.

ತೊಗಲು ಈ ತಂತಿಗೆ ಇನ್ನೊಂದು ಉಪಕಾರ ಮಾಡುತ್ತದೆ. ಬಾದಾಮಿಯ ಕೆಂಪು ಬಂಡೆಗಳ ನಡುವೆ ಏಪ್ರಿಲ್ ತಿಂಗಳ ಬೆಳಗಿಗೂ ಮಧ್ಯಾಹ್ನಕ್ಕೂ ಉಷ್ಣತೆಯಲ್ಲಿ ದೊಡ್ಡ ಅಂತರ. 20 ಡಿಗ್ರಿ ಏರಿತೆಂದರೆ 60 ಸೆಂ.ಮೀ. ಉಕ್ಕಿನ ತಂತಿ 0.14 ಮಿ.ಮೀ. ಹಿಗ್ಗುತ್ತದೆ. ಚೌಡಿಕೆಯ ತಂತಿಯಂತೆ ಕಡಿಮೆ ಬಿಗಿತದ ತಂತಿಯನ್ನು ಅಲುಗದ ಎರಡು ಮೊಳೆಗಳಿಗೆ ಕಟ್ಟಿದ್ದರೆ, ಇಷ್ಟು ಹಿಗ್ಗಿಗೇ ಸ್ವರ ಹಾರ್ಮೋನಿಯಮ್ಮಿನ ಮೂರು ಮನೆ ಕೆಳಗೆ ಕುಸಿಯುತ್ತಿತ್ತು. ಚೌಡಿಕೆಯಲ್ಲಿ ಹಾಗಾಗುವುದಿಲ್ಲ. ತಂತಿಯ ಎಳೆತಕ್ಕೆ ತೊಗಲು 5 ಮಿ.ಮೀ. ಒಳಕ್ಕೆ ಬಾಗಿದೆ ಎಂದಿಟ್ಟುಕೊಳ್ಳಿ, 0.14 ಮಿ.ಮೀ. ಸಡಿಲವನ್ನು ಅದು ತನ್ನೊಳಗೆ ಎಳೆದುಕೊಂಡು ಬಿಗಿತವನ್ನು ಹೆಚ್ಚುಕಡಿಮೆ ಹಾಗೆಯೇ ಕಾಯುತ್ತದೆ. ಸ್ವರ ಇಳಿಯುವುದು ಅರ್ಧಸ್ವರದ ಕಾಲುಭಾಗದಷ್ಟು ಮಾತ್ರ.

ಬಿಸಿಲಿನಿಂದ ಕಾಯುವ ತೊಗಲು ತೇವಕ್ಕೆ ಸೋಲುತ್ತದೆ. ವಾದ್ಯಕ್ಕೆ ಹಾಕುವುದು ಹದ ಮಾಡಿದ ಚಪ್ಪಲಿಯ ತೊಗಲಲ್ಲ, ಕೂದಲು ತೆಗೆದು ಹಸಿಯಾಗಿ ಎಳೆದು ಒಣಗಿಸಿದ್ದು. ಅದರ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಗಾಳಿಯ ತೇವವನ್ನು ಹೀರಿ ಉಬ್ಬುತ್ತವೆ, ಮೆತ್ತಗಾಗುತ್ತವೆ. ಬನದ ಹುಣ್ಣಿಮೆಯ ಚಳಿಗಾಲದಲ್ಲಿ, ಬನಶಂಕರಿ ಜಾತ್ರೆಯ ಒಣಗಾಳಿಯಲ್ಲಿ ನೆಟ್ಟಗೆ ನಿಂತಿದ್ದ ಸ್ವರ ಭಾದ್ರಪದದ ಮಳೆಯಲ್ಲಿ ಕುಸಿಯುವುದು ಇದರಿಂದ. ಬಾಗಲಕೋಟೆಯ ಹೋಳಿ ನೋಡಿದವರಿಗೆ ಇದರ ಪರಿಹಾರ ಗೊತ್ತು: ಹಲಗೆ ಬಾರಿಸುವ ಮೊದಲು ಅದನ್ನು ಬೆಂಕಿಗೆ ಕಾಯಿಸುತ್ತಾರೆ. ಕಾದ ತೊಗಲು ತೇವ ಬಿಟ್ಟು ಬಿಗಿಯುತ್ತದೆ. ಚೌಡಿಕೆಗೂ ದೂರದ ಕಾವು ಒಳ್ಳೆಯದು, ಆದರೆ ಗೂಟ ಸಡಿಲಿಸಿ ಕಾಯಿಸಬೇಕು. ಬಿಗಿದ ತಂತಿಯೊಂದಿಗೆ ಕಾಯಿಸಿದರೆ ಕುಗ್ಗುವ ತೊಗಲು ತಂತಿಯನ್ನೂ ಬಿಲ್ಲೆಯನ್ನೂ ಒಟ್ಟಿಗೆ ಎಳೆಯುತ್ತದೆ, ಹರಿಯುವುದು ಬಹುತೇಕ ನಡುವಿನ ತೂತಿನ ಹತ್ತಿರವೇ. ಬ್ಯಾಂಜೋದವರು 1950ರ ದಶಕದ ಕೊನೆಯಲ್ಲಿ ಪ್ಲಾಸ್ಟಿಕ್ ಹಾಳೆ ಬಂದಮೇಲೆ ಈ ರಗಳೆಯಿಂದ ಪಾರಾದರು. ಅದರ ಜೊತೆಗೇ ತೊಗಲಿನ ಮೆತ್ತನೆಯ ದನಿಯನ್ನೂ ಬಿಟ್ಟುಕೊಟ್ಟರು. ಹಳೆಯ ದನಿ ಬೇಕೆನ್ನುವವರು ಇಂದಿಗೂ ಆಡಿನ, ಕರುವಿನ ತೊಗಲನ್ನೇ ಹುಡುಕುತ್ತಾರೆ.

ಹೊಸ ತಂತಿ ಮೊದಲ ದಿನ ಸ್ವರ ನಿಲ್ಲಿಸುವುದಿಲ್ಲ. ತಂತಿ ‘ಹಿಗ್ಗುತ್ತಿದೆ’ ಎನ್ನುತ್ತಾರೆ. ನರದ, ನೈಲಾನಿನ ತಂತಿಗೆ ಆ ಮಾತು ನಿಜ. ಅವು ಭಾರದಡಿ ಗಂಟೆಗಟ್ಟಲೆ ನಿಧಾನವಾಗಿ ಉದ್ದವಾಗುತ್ತವೆ. ಉಕ್ಕಿನ ತಂತಿ ಹಾಗೆ ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು. ಅಲ್ಲಿ ಜಾರುವುದು ಗಂಟು, ಬಿಗಿಯಾಗುವುದು ಗೂಟದ ಮೇಲಿನ ಸುತ್ತುಗಳು, ಒಳಕ್ಕೆ ಕೂರುವುದು ಬಿಲ್ಲೆ. ಇಳಕಲ್ಲದ ನೇಕಾರರು ಸೀರೆಯ ಮೈಯ ಹಾಸಿಗೂ ಸೆರಗಿನ ರೇಷ್ಮೆ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಆ ಕೊಂಡಿಗಳೆಲ್ಲ ಸಮನಾಗಿ ಎಳೆದು ಕೂತಮೇಲೆಯೇ ಮಗ್ಗದ ಮೇಲೆ ಹಾಸು ಒಂದೇ ಬಿಗಿಗೆ ನಿಲ್ಲುವುದು. ಚೌಡಿಕೆಯ ಗಂಟಿನದೂ ಅದೇ ನಡೆ. ಹೊಸ ತಂತಿ ಕಟ್ಟಿ ಸ್ವರಕ್ಕೆ ತಂದಮೇಲೆ, ನಡುವಿನಲ್ಲಿ ಬೆರಳಿಟ್ಟು ಮೆಲ್ಲಗೆ ಜಗ್ಗಿ ಬಿಡಿ, ಇಳಿದ ಸ್ವರವನ್ನು ಗೂಟ ತಿರುಗಿಸಿ ಏರಿಸಿ, ಮತ್ತೆ ಜಗ್ಗಿ. ಜಗ್ಗಿದರೂ ಸ್ವರ ಇಳಿಯದಿದ್ದರೆ ಗಂಟು ಕೂತಿತೆಂದು ಅರ್ಥ.

ಹರಿಯುವ ತನಕ ಕಾಯಬೇಕೆಂದೂ ಇಲ್ಲ. ತುಕ್ಕು, ಜಿಡ್ಡು, ಕಡ್ಡಿಯ ಪೆಟ್ಟಿನ ಗೀರು ಬಿದ್ದ ತಂತಿಯ ತೂಕ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ಆಗ ಅದರ ಉಪಸ್ವರಗಳು ಮೂಲಸ್ವರದ ನೇರ ಗುಣಕಗಳಾಗಿ ಉಳಿಯುವುದಿಲ್ಲ, ದನಿ ಮಂಕಾಗುತ್ತದೆ, ತುಂತುಣಿಯೊಂದಿಗೆ ಶ್ರುತಿ ಕೂಡಿಸಲು ಎಷ್ಟು ಹೆಣಗಿದರೂ ಕೂಡುವುದಿಲ್ಲ. ಬೆರಳನ್ನು ತಂತಿಯ ಮೇಲೆ ಎಳೆದಾಗ ಒರಟು ಹತ್ತಿದರೆ ಅದನ್ನು ಬಿಚ್ಚಿಬಿಡಿ.

ನಿಮ್ಮೂರಿನಲ್ಲಿ ಚೌಡಿಕೆಯವರಿದ್ದರೆ ಮುಂದಿನ ಸಲ ತಂತಿ ಬದಲಿಸುವಾಗ ಅವರ ಪಕ್ಕದಲ್ಲಿ ಕೂಡಿ. ಗಂಟು ಹಾಕುವ ಬಗೆ, ಬಿಲ್ಲೆ ಯಾವುದರದು, ತಂತಿಯ ಉದ್ದ ಎಷ್ಟು, ನಂಬರು ಯಾವುದು, ಹಾರ್ಮೋನಿಯಮ್ಮಿನ ಯಾವ ಮನೆಯ ಸ್ವರಕ್ಕೆ ಕೂಡಿಸಿದರು ಎಂಬುದನ್ನು ಅವರ ಒಪ್ಪಿಗೆ ಪಡೆದು, ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಮನೆಯಲ್ಲೇ ಹಳೆಯ ಚೌಡಿಕೆ ಇದ್ದರೆ ಈವತ್ತೇ ಮಾಡಬೇಕಾದದ್ದು ಒಂದಿದೆ: ನುಡಿಸದೆ ತೂಗುಹಾಕಿದ ವಾದ್ಯದ ಗೂಟವನ್ನು ಎರಡು ಸುತ್ತು ಸಡಿಲಿಸಿ. ಬಿಗಿದ ತಂತಿ ಮಳೆಗಾಲದ ಮೆತ್ತನೆಯ ತೊಗಲನ್ನು ತಿಂಗಳುಗಟ್ಟಲೆ ಎಳೆಯುತ್ತಿದ್ದರೆ ನಡುವೆ ಬೀಳುವ ಗುಳಿಯನ್ನು ಆಮೇಲೆ ಯಾವ ಬೆಂಕಿಯ ಕಾವೂ ಸರಿಪಡಿಸಲಾರದು.